ಚಕ್ರದ ಹಿಂದಿನ ಅಡೆ

ನಮ್ಮ ಮನೆಗೆ ಹೋಗಬೇಕಾದರೆ ಒಂದು ಏರು ಹತ್ತಬೇಕು. ಕಡಬದಿಂದ ಪಂಜದ ಕಡೆಗೆ ಹೋಗುವಾಗ ಎಡಕ್ಕೆ ತಿರುಗಿ, ರಬ್ಬರ್ ತೋಟಗಳ ನಡುವೆ ಸ್ವಲ್ಪ ದೂರ ಹೋದ ಮೇಲೆ ಅದು ಶುರುವಾಗುತ್ತದೆ. ಕೆಳಗಿನ ಅರ್ಧಕ್ಕೆ ಕಾಂಕ್ರೀಟ್ ಬಿದ್ದಿದೆ. ಮೇಲಿನ ಅರ್ಧಕ್ಕೂ ಹಾಕಿಸುತ್ತೇವೆ ಎಂದು ಪ್ರತಿ ಚುನಾವಣೆಗೂ ಯಾರಾದರೊಬ್ಬರು ಬಂದು ಹೇಳಿ, ಚಹಾ ಕುಡಿದು ಹೋಗುತ್ತಾರೆ. ಕಾಂಕ್ರೀಟ್ ಮುಗಿದು ಜಲ್ಲಿ ಶುರುವಾಗುವ ಜಾಗದಲ್ಲೇ ಒಂದು ತಿರುವು. ತಿರುವಿನ ಹೊರಬದಿಗೆ ಆಳದಲ್ಲಿ ತೋಡು ಹರಿಯುತ್ತದೆ, ತಡೆಗೋಡೆ ಇಲ್ಲ. ಮೇಲಿನಿಂದ ಇಳಿಯುವ ಗಾಡಿ ಹತ್ತುವವರಿಗೆ ಕಾಣುವುದು ತಿರುವಿಗೆ ಬಂದ ಮೇಲೆಯೇ. ಹಾಗಾಗಿ ಅಲ್ಲಿ ಒಮ್ಮೆಯೂ ನಿಲ್ಲದೆ ಮೇಲೆ ಹೋದ ಗಾಡಿ ಕಡಿಮೆ.

ನಿಂತರೆ ಅಡೆ ಕೊಡಬೇಕು. ಅಡೆ ಎಂದರೆ ಚಕ್ರ ಹಿಂದಕ್ಕೆ ಉರುಳದ ಹಾಗೆ ಅದರ ಹಿಂದೆ ಇಡುವ ಕಲ್ಲು ಅಥವಾ ಮರದ ತುಂಡು. ನಮ್ಮ ಕಡೆಯ ಸರ್ವೀಸ್ ಜೀಪುಗಳಲ್ಲಿ ಇದಕ್ಕೊಂದು ಕ್ರಮವೇ ಇತ್ತು. ಹಿಂದಿನ ಬಾಗಿಲ ಬಳಿ ಯಾರು ಕೂತಿದ್ದಾರೋ ಅವರದ್ದೇ ಆ ಕೆಲಸ. ಬ್ಯಾಂಕಿನವರಾದರೂ ಸರಿ, ರಬ್ಬರ್ ಕಡಿಯುವವರಾದರೂ ಸರಿ. ಜೀಪು ನಿಂತ ಕೂಡಲೇ ಹಾರಿ ಇಳಿದು, ಚಕ್ರಕ್ಕೆ ಅಡೆ ಇಟ್ಟು, "ಕೊಟ್ಟೆ!" ಎಂದು ಕೂಗಬೇಕು. ಡ್ರೈವರ್ "ಹೂಂ" ಎನ್ನಬೇಕು. ಆಮೇಲೆಯೇ ಅವನು ಬ್ರೇಕಿನಿಂದ ಕಾಲು ತೆಗೆಯುವುದು. ಜೀಪು ಮುಂದೆ ಹೋದ ಮೇಲೆ ಅಡೆಯನ್ನು ಎತ್ತಿಕೊಂಡು ಓಡಿ ಬಂದು ಹತ್ತಬೇಕು. ಅದನ್ನು ದಾರಿಯಲ್ಲೇ ಬಿಟ್ಟು ಬಂದವರಿಗೆ ಜೀಪಿನವರೆಲ್ಲ ಸೇರಿ ಬೈಯುತ್ತಿದ್ದರು, ಏಕೆಂದರೆ ಹಿಂದಿನಿಂದ ಬರುವ ಬೈಕಿನವರು ಅದಕ್ಕೆ ಬಡಿದು ಬೀಳುತ್ತಾರೆ. ಡ್ರೈವರ್ ಮಾತ್ರ ಎಂದೂ ಇಳಿಯುವುದಿಲ್ಲ. ಅಡೆ ಕೊಡುವುದು ಇಳಿದವರ ಕೆಲಸ, ಗಾಡಿ ಹತ್ತಿಸುವುದು ಕೂತವನ ಕೆಲಸ.

ನನ್ನ ಗಂಡ ಕೂತವರು. ಕಡಬದಿಂದ ಒಳಗಿನ ಊರುಗಳಿಗೆ ಸರ್ವೀಸ್ ಜೀಪು ಓಡಿಸುತ್ತಲೇ ಅವರ ತಲೆ ಹಣ್ಣಾಯಿತು. ನಾನು ಬೆಟ್ಟಂಪಾಡಿಯವಳು, ಮದುವೆಯ ಹೊತ್ತಿಗೆ ಆಗ ತಾನೇ ಶಾಲೆಯಲ್ಲಿ ಕೆಲಸ ಸಿಕ್ಕಿದ ಟೀಚರು. ಮದುವೆಯ ದಿಬ್ಬಣ ಮನೆಗೆ ಬಂದದ್ದೂ ಅದೇ ಜೀಪಿನಲ್ಲಿ, ಬಿಟ್ಟದ್ದೂ ಮದುಮಗನೇ. ತನ್ನ ಜೀಪನ್ನು ಇನ್ನೊಬ್ಬನ ಕೈಗೆ ಕೊಡಲು ಮದುವೆಯೊಂದು ಕಾರಣವೇ ಅಲ್ಲ ಅವರಿಗೆ. ತಿರುವಿನಲ್ಲಿ ಮೇಲಿನಿಂದ ಲಾರಿ ಬಂದು ಜೀಪು ನಿಂತಿತು. ಅವರು ಹಿಂದಕ್ಕೆ ತಿರುಗಿ ನೋಡಿದರು. ಬಾಗಿಲ ಬಳಿ ಕೂತಿದ್ದವಳು ನಾನು.

"ಅಡೆ ಕೊಡು ಮಾರಾಯ್ತಿ," ಎಂದರು. ಮದುವೆಯಾದ ಮೇಲೆ ನನ್ನ ಗಂಡ ನನ್ನೊಡನೆ ಆಡಿದ ಮೊದಲ ಮಾತು ಅದು.

ಧಾರೆ ಸೀರೆ ಎತ್ತಿ ಕಟ್ಟಿ ಇಳಿದೆ. ಅವರ ಅಡೆ ಕಲ್ಲಲ್ಲ. ಬೋಗಿ ಎಂಬ ಗಟ್ಟಿ ಜಾತಿಯ ಮರದಲ್ಲಿ ಅವರೇ ಕೆತ್ತಿ, ಎತ್ತಲು ಹಗ್ಗ ಕಟ್ಟಿದ್ದ ತುಂಡು. ಕೈಗೆ ಭಾರವಾಗಿತ್ತು. ಚಕ್ರದ ಹಿಂದೆ ಇಟ್ಟು, ನಾಚಿಕೆಯಿಂದ ಗಂಟಲಲ್ಲೇ "ಕೊಟ್ಟೆ" ಎಂದೆ. ಮುಂದಿನಿಂದ ಉತ್ತರ ಬಂತು: "ಕೇಳಲಿಲ್ಲ."

ಜೀಪಿನೊಳಗಿದ್ದ ಅವರ ಸಂಬಂಧಿಕರೆಲ್ಲ ನಗುತ್ತಿದ್ದರು. ನನಗೆ ಸಿಟ್ಟು ಎಲ್ಲಿತ್ತೋ ಬಂತು. ಇಡೀ ಗುಡ್ಡಕ್ಕೆ ಕೇಳುವ ಹಾಗೆ "ಕೊಟ್ಟೆ!" ಎಂದು ಕಿರುಚಿದೆ. "ಹೂಂ" ಎಂದು ಅವರು ಜೀಪು ಹತ್ತಿಸಿದರು. ಅಂದಿನಿಂದ ಆ ಜೀಪಿನಲ್ಲಿ ನಾನಿದ್ದಾಗಲೆಲ್ಲ ಅಡೆ ನನ್ನದೇ.

ಅವರಿಗೆ ಸಕ್ಕರೆ ಕಾಯಿಲೆ ಬಂದು ಬಹಳ ಕಾಲವಾಗಿತ್ತು. ನಮ್ಮಲ್ಲಿ ಅದನ್ನು ಯಾರೂ ಕಾಯಿಲೆ ಎಂದು ಲೆಕ್ಕಕ್ಕೆ ಇಡುವುದಿಲ್ಲ, ಮಾತ್ರೆ ತಿಂದು ಹೋಳಿಗೆಯನ್ನೂ ತಿನ್ನುತ್ತಾರೆ. ಒಂದು ದಿನ ಕಡಬ ಪೇಟೆಯಲ್ಲಿ ಅವರು ತರಕಾರಿ ಚೀಲ ಹಿಡಿದು ನನ್ನ ಕಡೆಗೆ ಬರುತ್ತಿದ್ದರು. ಒಂದೇ ಕಾಲಿನಲ್ಲಿ ಚಪ್ಪಲಿ ಇತ್ತು.

"ಇನ್ನೊಂದು ಎಲ್ಲಿ?" ಎಂದು ಕೇಳಿದೆ.

"ಎಂತದು ಇನ್ನೊಂದು?"

ಕಾಲು ತೋರಿಸಿದೆ. ಅವರು ಬಗ್ಗಿ ನೋಡಿದರು. ಎಡಗಾಲಿನ ಚಪ್ಪಲಿ ಎಲ್ಲೋ ಕಳಚಿ ಬಿದ್ದಿತ್ತು, ಬೇಸಿಗೆಯ ಮಧ್ಯಾಹ್ನದ ಕಾದ ಡಾಮರಿನ ಮೇಲೆ ಅವರು ಬರಿಗಾಲಲ್ಲಿ ನಡೆದು ಬಂದಿದ್ದರು. ಮೊದಲು ನನಗೆ ನಗು ಬಂತು. ಅವರ ಮುಖ ನೋಡಿದ ಮೇಲೆ ನಿಂತುಹೋಯಿತು.

ಪುತ್ತೂರಿನ ಡಾಕ್ಟರು ಅವರನ್ನು ಮಲಗಿಸಿ, ಕಣ್ಣು ಮುಚ್ಚಲು ಹೇಳಿ, ಪಾದಕ್ಕೆ ಅಲ್ಲಲ್ಲಿ ಸೂಜಿ ಮೊನೆ ತಾಗಿಸಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಹೆಬ್ಬೆರಳು, ಹಿಮ್ಮಡಿ, ಪಾದದ ನಡು, ಎಲ್ಲ ಕಡೆಯೂ ಮುಗಿಯಿತು. ಡಾಕ್ಟರು ಸೂಜಿ ಕೆಳಗಿಟ್ಟರು. ಆಗ ನನ್ನ ಗಂಡ ಕಣ್ಣು ಮುಚ್ಚಿಕೊಂಡೇ ಕೇಳಿದರು: "ಚುಚ್ಚುದು ಯಾವಾಗ ಡಾಕ್ಟ್ರೇ?"

ಚುಚ್ಚಿ ಆಯಿತು ಎಂದು ಡಾಕ್ಟರೇ ಹೇಳಿದರು, ಅವರಿಗೆ ಅದೇ ಕೆಲಸ. ಕಾಲಿಗೆ ಗೊತ್ತಾಗದವರು ಗಾಡಿ ಬಿಡಬಾರದು ಎಂದರು, ಪಾದವನ್ನು ದಿನಾ ಕನ್ನಡಿ ಹಿಡಿದು ನೋಡಿಕೊಳ್ಳಬೇಕು ಎಂದರು. ಎರಡನೆಯದು ನನ್ನ ಗಂಡನಿಗೆ ಕೇಳಿಸಿರಲಿಕ್ಕಿಲ್ಲ. ಮೊದಲನೆಯದರಲ್ಲೇ ಅವರು ನಿಂತುಬಿಟ್ಟಿದ್ದರು.

ಜೀಪು ಮಾರಿದರು. ಪಂಜದ ಕಡೆಯವರು ಬಂದು ಒಯ್ದರು. ಅದು ಅಂಗಳ ಇಳಿಯುವ ಮೊದಲು ಅವರು ಹಿಂದಿನ ಸೀಟಿನ ಅಡಿಗೆ ಕೈ ಹಾಕಿ ಅಡೆಯನ್ನು ಮಾತ್ರ ತೆಗೆದಿಟ್ಟುಕೊಂಡರು. ಆಮೇಲಿನ ಒಂದು ಮಳೆಗಾಲ ನಮ್ಮ ಮನೆಯಲ್ಲಿ ಹೆಚ್ಚು ಮಾತಿರಲಿಲ್ಲ. ಅವರು ಚಾವಡಿಯಲ್ಲಿ ಕೂತು ಏರಿನಲ್ಲಿ ಬರುವ ಗಾಡಿಗಳ ಸದ್ದು ಕೇಳುತ್ತಿದ್ದರು. ಯಾವ ಗೇರಿನಲ್ಲಿದ್ದಾನೆ, ಎಲ್ಲಿ ಬದಲಾಯಿಸಬೇಕಿತ್ತು, ಎಲ್ಲಿ ನಿಲ್ಲುತ್ತಾನೆ ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ನನಗೆ ಅದನ್ನು ಕೇಳಿ ಕೇಳಿ ಸಂಕಟವೂ ಆಗುತ್ತಿತ್ತು, ತಲೆಯೂ ಚಿಟ್ಟು ಹಿಡಿಯುತ್ತಿತ್ತು.

ನಮ್ಮ ಒಬ್ಬಳೇ ಮಗಳು ಸುಳ್ಯದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುತ್ತಾಳೆ. ಈಗಿನ ಕಾರುಗಳಲ್ಲಿ ಕ್ಲಚ್ಚೇ ಇಲ್ಲ, ಏರಿನಲ್ಲಿ ಹಿಂದಕ್ಕೆ ಹೋಗದ ಹಾಗೆ ವ್ಯವಸ್ಥೆ ಉಂಟು ಎಂದು ಅವಳು ಹೇಳಿದ ದಿನ ಅವರು ಎದ್ದು ಕೂತರು. ನಾವು ಮೂವರೂ ಪುತ್ತೂರಿನ ಶೋರೂಮಿಗೆ ಹೋದೆವು. ಇಸ್ತ್ರಿ ಅಂಗಿಯ ಸೇಲ್ಸ್‌ಮನ್ ಒಬ್ಬ ನಮ್ಮನ್ನು ಎತ್ತರದ ಕಾರೊಂದರಲ್ಲಿ ಕೂರಿಸಿದ.

"ಇದರಲ್ಲಿ ಹಿಲ್ ಹೋಲ್ಡ್ ಉಂಟು ಸರ್. ಏರಿನಲ್ಲಿ ನಿಂತರೆ ಗಾಡಿಯೇ ಹಿಡೀತದೆ. ನೀವು ಎಂತ ಮಾಡುದೂ ಬೇಡ."

"ಗಾಡಿಯೇ?"

"ಗಾಡಿಯೇ ಸರ್. ಆಮೇಲೆ ಇಳಿಜಾರಿಗೆ ಈ ಬಟನ್. ಕೆಸರಿಗೆ, ಮರಳಿಗೆ, ಹಿಮಕ್ಕೆ ಈ ತಿರುಗಣೆ."

"ಕಡಬದಲ್ಲಿ ಹಿಮ ಬಿದ್ದರೆ ಫೋನ್ ಮಾಡ್ತೇವೆ," ಎಂದೆ. ಅವನು ನಕ್ಕ. ನನ್ನ ಗಂಡ ನಗಲಿಲ್ಲ. ಅವರು ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟು, "ಗಾಡಿಯೇ ಹಿಡೀತದೆ" ಎಂದು ಒಮ್ಮೆ ಮೆಲ್ಲಗೆ ಹೇಳಿಕೊಂಡರು. ಒಂದು ವರ್ಷದಿಂದ ನಾನು ನೋಡದ ಬೆಳಕು ಆ ಮುಖದಲ್ಲಿ ಬಂತು. ಡಾಕ್ಟರ ಮಾತನ್ನು ಅಲ್ಲಿ ಎತ್ತಲು ನನಗೂ ಮನಸ್ಸಾಗಲಿಲ್ಲ, ಮಗಳಿಗೂ ಆಗಲಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂದೇ: ನಮ್ಮ ಏರನ್ನು ಮತ್ತೆ ತಾನೇ ಹತ್ತಿಸಬೇಕು. ಕಾರು ಅದಕ್ಕೇ ಬಂತು.

ಮಗಳು ಒಂದು ಷರತ್ತು ಹಾಕಿದಳು, ಅಮ್ಮನೂ ಲೈಸನ್ಸ್ ಮಾಡಬೇಕು ಎಂದು. ರಿಟೈರಾದ ಟೀಚರು ಪುತ್ತೂರಿನ ಡ್ರೈವಿಂಗ್ ಕ್ಲಾಸಿನಲ್ಲಿ ಕಾಲೇಜು ಹುಡುಗಿಯರ ಜೊತೆ ಸಾಲಿನಲ್ಲಿ ನಿಂತು ಕಲಿತದ್ದಾಯಿತು. ಸಮತಟ್ಟು ದಾರಿಯಲ್ಲಿ ಬಿಡುತ್ತಿದ್ದೆ. ಏರಿಗೆ ಬಂದ ಕೂಡಲೇ ಅವರು "ನಿಲ್ಲಿಸು, ನಾನು ಬರ್ತೇನೆ" ಎನ್ನುತ್ತಿದ್ದರು. ನಾನು ಇಳಿದು ಆಚೆ ಬದಿಗೆ ಹೋಗುತ್ತಿದ್ದೆ.

ಕಾರಿನ ಜೊತೆ ದಪ್ಪದೊಂದು ಇಂಗ್ಲಿಷ್ ಪುಸ್ತಕ ಬಂದಿತ್ತು. ಸಂಜೆ ಚಾವಡಿಯಲ್ಲಿ ಕೂತು ಅದನ್ನು ಓದಿ ಅವರಿಗೆ ಹೇಳುವುದು ನನ್ನ ಪಾಲಿಗೆ ಬಂತು. ಬರೆದವರು ಓದುವವರ ಮೇಲೆ ಯಾವುದೋ ಹಳೆಯ ದ್ವೇಷ ಇಟ್ಟುಕೊಂಡೇ ಬರೆದಿರಬೇಕು, ಪುಟಕ್ಕೆರಡು ಎಚ್ಚರಿಕೆಗಳು, ಒಂದರಲ್ಲೂ ನೇರ ಮಾತಿಲ್ಲ. ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಭಾಗಾಕಾರ ಹೇಳಿದ ಹಾಗೆ ನಾನು ಅದನ್ನು ಬಿಡಿಸಿ ಹೇಳುತ್ತಿದ್ದೆ.

ಕೆಸರಿನ ಚಿತ್ರಕ್ಕೆ ತಿರುಗಿಸಿದರೆ ಏನಾಗುತ್ತದೆ? ಒಂದು ಚಕ್ರ ಕೆಸರಲ್ಲಿ ಸುಮ್ಮನೆ ತಿರುಗಿದರೆ ಗಾಡಿ ಆ ಚಕ್ರವನ್ನು ತಡೆದು, ನೆಲ ಸಿಕ್ಕಿದ ಚಕ್ರಕ್ಕೆ ಬಲ ಕೊಡುತ್ತದೆ. "ಅಂದ್ರೆ ಆಲಸಿಗೆ ಬೈದು, ದುಡಿಯುವವನಿಗೆ ಇನ್ನಷ್ಟು ಕೆಲಸ ಕೊಡುದು. ನಿಮ್ಮ ಶಾಲೆಯ ಹಾಗೆಯೇ," ಎಂದರು ಅವರು. ಇಳಿಜಾರಿನ ಬಟನ್ ಒತ್ತಿದರೆ? ಗಾಡಿಯೇ ಬ್ರೇಕ್ ಹಾಕಿಕೊಂಡು ಮೆಲ್ಲಗೆ ಇಳಿಯುತ್ತದೆ, ನಾವು ಸ್ಟೇರಿಂಗ್ ಹಿಡಿದು ಕೂತರೆ ಸಾಕು. ಮರುದಿನವೇ ಪರೀಕ್ಷೆ ಮಾಡಿದೆವು. ಹಲ್ಲು ಕಡಿದ ಹಾಗೆ ಕರಕರ ಸದ್ದು ಮಾಡುತ್ತಾ ಕಾರು ನಮ್ಮ ಏರನ್ನು ತಾನಾಗಿಯೇ ಇಳಿಯಿತು. ಅವರು ಎರಡೂ ಕಾಲುಗಳನ್ನು ಸೀಟಿನ ಕಡೆಗೆ ಎಳೆದುಕೊಂಡು ಕೂತಿದ್ದರು. ಕಾಲೇ ಬೇಡದ ಡ್ರೈವಿಂಗ್. ತೋಡಿನ ಪಕ್ಕ ಬಂದಾಗ ಅವರು ನನ್ನ ಕಡೆ ನೋಡಿ ನಕ್ಕರು.

ಇಳಿಯಲು ಕಾಲು ಬೇಡ, ಸರಿ. ಹತ್ತಲು ಬೇಕು. ಅದನ್ನೂ ನಾನು ಪುಸ್ತಕದಲ್ಲಿ ಓದಿ ಹೇಳಿದ್ದೆ.

"ಬ್ರೇಕನ್ನು ಗಟ್ಟಿ ಒತ್ತಿ ನಿಲ್ಲಿಸಿದರೆ ಮಾತ್ರ ಅದು ಹಿಡಿಯುದು. ಕಾಲು ತೆಗೆದ ಮೇಲೆ ಎರಡು ಸೆಕೆಂಡು. ಅಷ್ಟರೊಳಗೆ ಎಕ್ಸಿಲೇಟರ್ ಒತ್ತಬೇಕು. ಆಮೇಲೆ ಅದು ಬಿಡ್ತದೆ."

"ಎರಡು ಸೆಕೆಂಡು ಬೇಕಷ್ಟಾಯ್ತು. ಜೀಪಿನಲ್ಲಿ ಅರ್ಧವೂ ಇರ್ಲಿಲ್ಲ," ಎಂದರು.

ಅದು ಸುಳ್ಳಲ್ಲ. ಜೀಪಿನ ಕಾಲದಲ್ಲಿ ಅವರ ಕಾಲಿಗೆ ಎಲ್ಲ ಗೊತ್ತಾಗುತ್ತಿತ್ತು.

ಆ ಚಳಿಗಾಲ ಒಂದಿಷ್ಟು ಸಂತೋಷವೂ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಸುಳ್ಯದ ಆಚೆ ಮಗಳ ಗೆಳತಿಯ ಹೊಸ ಮನೆಯ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ ಹೋಗಿದ್ದೆವು. ಅವರ ಅಂಗಳಕ್ಕೆ ಇಳಿಯುವ ದಾರಿಯ ಬದಿಯಲ್ಲಿ, ಇಳಿಜಾರಿಗೆ ಮುಖಮಾಡಿ ಕಾರು ನಿಲ್ಲಿಸಿದೆವು. ಊಟ ಮುಗಿಸಿ ಬಂದು ಹೊರಟರೆ ಕಾರು ಮುಂದೆ ಹೋಗಲಿಲ್ಲ. ಎಕ್ಸಿಲೇಟರ್ ಒತ್ತಿದರೆ ಜಾರುವ ಕಾರಿನ ಚಿತ್ರದ ಹಳದಿ ದೀಪ ಮಿಣುಕುತ್ತದೆ, ಕಾರು ಗುರುಗುಟ್ಟುತ್ತದೆ, ಅಷ್ಟೇ. ಇವರು ತಿರುಗಣೆಯನ್ನು ಕೆಸರಿಗೆ ತಿರುಗಿಸಿದರು, ಮರಳಿಗೆ ತಿರುಗಿಸಿದರು. ಕೊನೆಗೆ ನಾನೇ "ಹಿಮಕ್ಕೂ ಒಮ್ಮೆ ತಿರುಗಿಸಿ" ಎಂದೆ. ಸುತ್ತ ಜನ ಸೇರಿದರು, ಪುಸ್ತಕ ಹೊರಗೆ ಬಂತು, ಮಗಳು ಫೋನಿನಲ್ಲಿ ಹುಡುಕತೊಡಗಿದಳು. ಅಷ್ಟರಲ್ಲಿ ಮನೆಯ ಯಜಮಾನರು ಎಲೆ ಅಡಿಕೆ ಜಗಿಯುತ್ತಾ ಬಂದರು.

"ಎಂತಾಯ್ತು? ಹೋ, ನಾನು ಅಡೆ ಕೊಟ್ಟಿದ್ದೇನೆ ಮಾರಾಯ್ರೆ. ಇಳಿಜಾರಲ್ವಾ, ಎಲ್ಲ ಗಾಡಿಗೂ ಕೊಟ್ಟದ್ದು."

ಮುಂದಿನ ಎರಡೂ ಚಕ್ರಗಳಿಗೆ ಒಂದೊಂದು ಮುರಕಲ್ಲು ಒತ್ತಿ ಇಟ್ಟಿದ್ದರು. ಬಂದ ನೆಂಟರ ಗಾಡಿ ಉರುಳಬಾರದೆಂಬ ಮರ್ಯಾದೆ. ನಮ್ಮ ಕಡೆ ಎಲೆ ಅಡಿಕೆ ಕೊಟ್ಟ ಹಾಗೆಯೇ ಅದನ್ನೂ ಕೊಡುತ್ತಾರೆ. ಜೀಪಿನ ಕಾಲದಲ್ಲಾದರೆ ನಾವೇ ಮೊದಲು ಚಕ್ರ ನೋಡುತ್ತಿದ್ದೆವು. ಕಾರಿಗೆ ಬುದ್ಧಿ ಬಂದ ಮೇಲೆ ನಾವು ಬಗ್ಗಿ ನೋಡುವುದನ್ನು ಬಿಟ್ಟಿದ್ದೆವು. ಪಂಜದವರೆಗೂ ನಾವು ಅದನ್ನೇ ಹೇಳಿಕೊಂಡು ನಕ್ಕೆವು. ಕಾರಿನಲ್ಲಿ ಹಾಗೆ ಮೂವರೂ ಸೇರಿ ನಕ್ಕದ್ದು ಅದೇ ಕೊನೆ.

ಬೇಸಿಗೆಯಲ್ಲಿ, ಪುತ್ತೂರಿನಲ್ಲಿ ಡಾಕ್ಟರನ್ನು ನೋಡಿ ಮಧ್ಯಾಹ್ನ ಮರಳುತ್ತಿದ್ದೆವು. ಏರಿನ ಬುಡದಲ್ಲಿ ಎಂದಿನಂತೆ ಸೀಟು ಬದಲಾಯಿಸಿದೆವು. ತಿರುವಿಗೆ ಬರುವಾಗ ಮೇಲಿನಿಂದ ರಬ್ಬರ್ ಶೀಟು ಹೇರಿದ ಪಿಕಪ್ ಇಳಿಯುತ್ತಿತ್ತು. ಇವರು ಹೊರಬದಿಗೆ ಸರಿದು, ಜಲ್ಲಿಯ ಮೇಲೆ ನಿಲ್ಲಿಸಿದರು. ನನ್ನ ಕೈ ತನ್ನಷ್ಟಕ್ಕೆ ಬಾಗಿಲಿನ ಹಿಡಿಗೆ ಹೋಯಿತು. ಜೀಪಿನ ಅಭ್ಯಾಸ, ಎಲ್ಲಿ ಹೋಗುತ್ತದೆ.

"ಎಂತಕ್ಕೆ ಇಳಿಯುದು? ಗಾಡಿಯೇ ಹಿಡೀತದಲ್ಲ," ಎಂದರು. ದನಿಯಲ್ಲಿ ಹೆಮ್ಮೆ ಇತ್ತು.

ಕೈ ಹಿಂದಕ್ಕೆ ತೆಗೆದೆ. ಪಿಕಪ್ ದಾಟಿ ಹೋಯಿತು. ಅವರು ಬ್ರೇಕಿನಿಂದ ಕಾಲು ತೆಗೆದರು. ಕಾರು ಹಿಡಿಯಿತು. ಅವರು ಮುಂದೆ ನೋಡುತ್ತಿದ್ದರು, ನಾನು ಅವರ ಕಾಲು ನೋಡುತ್ತಿದ್ದೆ. ಪಾದ ಎಕ್ಸಿಲೇಟರಿನ ಮೇಲಿರಲಿಲ್ಲ. ಅದರ ಪಕ್ಕದಲ್ಲಿ, ಬರೀ ನೆಲದ ಮ್ಯಾಟಿನ ಮೇಲೆ ಇತ್ತು. ಅವರು ಅದನ್ನು ಜೋರಾಗಿ ಒತ್ತುತ್ತಿದ್ದರು. ಮೊಣಕಾಲು ನಡುಗುವಷ್ಟು ಜೋರಾಗಿ ನೆಲವನ್ನು ಒತ್ತುತ್ತಿದ್ದರು, ಗಾಡಿ ಯಾಕೆ ಎಳೆಯುವುದಿಲ್ಲ ಎಂದು ಅವರಿಗೆ ಅರ್ಥವಾಗುತ್ತಿರಲಿಲ್ಲ.

ಕಾರು ಬಿಟ್ಟಿತು. ಜಲ್ಲಿ ಕಟಕಟ ಎಂದಿತು, ನಾವು ಹಿಂದಕ್ಕೆ ಜಾರತೊಡಗಿದೆವು. ಅವರು ಬ್ರೇಕ್ ಹುಡುಕಿದರು. ಕಾಲು ಅಲ್ಲಿ ಇಲ್ಲಿ ಬಡಿಯಿತೇ ಹೊರತು ಸಿಗಲಿಲ್ಲ. ಹ್ಯಾಂಡ್‌ಬ್ರೇಕಿನ ಬದಲಿಗೆ ಸೀಟುಗಳ ನಡುವೆ ಇರುವ ಗುಂಡಿಯನ್ನು ಎಳೆದು ಹಿಡಿಯಬೇಕು ಎಂದು ಓದಿದ್ದೆ. ಎಳೆದು ಹಿಡಿದೆ. ಕಾರು ಒಮ್ಮೆ ಕುಕ್ಕಿ ನಿಂತಿತು. ನನ್ನ ಬದಿಯ ಕನ್ನಡಿಯಲ್ಲಿ ದಾರಿ ಕಾಣಲಿಲ್ಲ, ತೋಡಿನ ಆಚೆಯ ಮರಗಳ ತಲೆ ಕಾಣುತ್ತಿತ್ತು.

ಅವರು ತಮ್ಮ ಕಾಲನ್ನು ನೋಡುತ್ತಿದ್ದರು, ಬೇರೆ ಯಾರದ್ದೋ ಕಾಲು ಅಲ್ಲಿ ಬಂದು ಕೂತ ಹಾಗೆ. ನನಗೆ ಭಯಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಯಾರ ಮೇಲೆ ಎಂದು ಹೇಳಲಾರೆ; ಆ ಇಸ್ತ್ರಿ ಅಂಗಿಯವನ ಮೇಲೆ, ಪುಸ್ತಕ ಬರೆದವರ ಮೇಲೆ, ಸಕ್ಕರೆಯ ಮೇಲೆ. ಗಾಡಿಗೆ ಏರು ಗೊತ್ತಾಗುತ್ತದೆ, ಕೆಸರು ಗೊತ್ತಾಗುತ್ತದೆ, ಹಿಮ ಕೂಡ ಗೊತ್ತಾಗುತ್ತದೆ. ಬಿಡುವವನ ಕಾಲಿಗೆ ಏನೂ ಗೊತ್ತಾಗದಿದ್ದರೆ ಏನು ಮಾಡಬೇಕೆಂದು ಯಾರೂ ಬರೆದಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವರು ಬಾಗಿಲು ತೆರೆದು ಇಳಿದರು. ಕಾರು ಹಿಡಿದುಕೊಂಡೇ ಹಿಂದಕ್ಕೆ ಹೋದರು. ಹಿಂದಿನ ಡಿಕ್ಕಿ ತೆರೆದ ಸದ್ದು ಕೇಳಿತು. ಜೀಪಿನ ಅಡೆಯನ್ನು ಅವರು ಕಾರಿನಲ್ಲಿ ತಂದು ಇಟ್ಟಿದ್ದಾರೆಂದು ನನಗೆ ಅಂದೇ ಗೊತ್ತಾದದ್ದು. ಕನ್ನಡಿಯಲ್ಲಿ ನೋಡಿದೆ. ಅವರು ಕಷ್ಟಪಟ್ಟು ಬಗ್ಗಿ ಚಕ್ರದ ಹಿಂದೆ ಅಡೆಯನ್ನು ಇಟ್ಟರು, ಕೈಯಿಂದ ಒತ್ತಿ ನೋಡಿದರು. ಅಷ್ಟು ವರ್ಷಗಳಲ್ಲಿ ಅವರು ಚಕ್ರದ ಹಿಂದೆ ನಿಂತದ್ದನ್ನು ನಾನು ನೋಡಿದ್ದು ಮೊದಲ ಸಲ.

"ಆಚೆ ಕೂರು," ಎಂದರು. "ನೀನು ಹತ್ತಿಸು."

"ನನಗೆ ಇಲ್ಲಿ ಬಿಟ್ಟು ಅಭ್ಯಾಸ ಇಲ್ಲ."

"ನಾನು ಅಡೆ ಕೊಟ್ಟಿದ್ದೇನಲ್ಲ. ಹಿಂದಕ್ಕೆ ಬರುದಿಲ್ಲ."

ಸೀಟು ಬದಲಾಯಿಸಿ ಕೂತೆ. ಹಿಂದಿನಿಂದ ಅವರ ದನಿ ಬಂತು, "ಕೊಟ್ಟೆ!" ಎಂದು. ನಾನು "ಹೂಂ" ಎಂದೆ. ಕಾರು ಒಮ್ಮೆ ಜಲ್ಲಿ ಕೆದರಿ, ಹಿಡಿತ ಸಿಕ್ಕಿ ಮೇಲೆ ಹೋಯಿತು. ತಿರುವಿನ ಮೇಲೆ ಸ್ವಲ್ಪ ಸಮತಟ್ಟು ಸಿಕ್ಕಿದಲ್ಲಿ ನಿಲ್ಲಿಸಿ ಕಾದೆ. ಅವರು ಹಗ್ಗ ಹಿಡಿದು ಅಡೆಯನ್ನು ತೂಗಾಡಿಸುತ್ತಾ, ಒಂದೊಂದೇ ಹೆಜ್ಜೆ ನೋಡಿ ಇಡುತ್ತಾ ಹತ್ತಿ ಬಂದರು. ಪಕ್ಕದಲ್ಲಿ ಕೂತ ಮೇಲೆ, "ಮುಂದಿನ ತಿರುವಿನಲ್ಲಿ ಬಲಕ್ಕೆ ಹಿಡಿ" ಎಂದರು. ಅಷ್ಟೇ. ಆಮೇಲೆ ಅವರು ಸ್ಟೇರಿಂಗ್ ಮುಟ್ಟಲಿಲ್ಲ.

ಅಡೆ ಮಾತ್ರ ಅವರದಾಯಿತು. ಪ್ರತಿ ಸಲ ತಿರುವಿಗೆ ಬಂದಾಗ, ಎದುರಿನಿಂದ ಗಾಡಿ ಬರಲಿ ಬಿಡಲಿ, "ನಿಲ್ಲಿಸು" ಎನ್ನುತ್ತಿದ್ದರು. ಇಳಿದು, ಅಡೆ ಕೊಟ್ಟು, ಕೂಗಿ, ಹಿಂದಿನಿಂದ ನಡೆದು ಬರುತ್ತಿದ್ದರು. ನನಗೆ ಅದು ಬೇಕಾಗಿರಲಿಲ್ಲ. ಒಂದೆರಡು ತಿಂಗಳಲ್ಲಿ ನನ್ನ ಕಾಲಿಗೆ ಏರು ಅಭ್ಯಾಸವಾಗಿತ್ತು, ಎರಡು ಸೆಕೆಂಡು ನನಗೆ ಧಾರಾಳವಾಗಿತ್ತು.

"ಇಳೀಬೇಡಿ. ಗಾಡಿಯೇ ಹಿಡೀತದೆ," ಎಂದು ಎಷ್ಟೋ ಸಲ ಹೇಳಿದೆ, ಸಿಟ್ಟಿನಲ್ಲೂ ಹೇಳಿದೆ, ಸಮಾಧಾನದಲ್ಲೂ ಹೇಳಿದೆ.

"ಅದು ಹಿಡಿಯುದು ಎರಡು ಸೆಕೆಂಡು," ಎನ್ನುತ್ತಿದ್ದರು. "ನಾನು ಕೊಟ್ಟ ಅಡೆ ನೀನು ಹೋಗುವವರೆಗೆ ಇರ್ತದೆ."

ಅವರಿಗೆ ಉಳಿದಿದ್ದ ಕೆಲಸ ಅದೊಂದೇ. ಇಳಿದಾಗ ಮುಖ ಗಂಭೀರ, ಹತ್ತಿ ಕೂತಾಗ ಉಸಿರು ದೊಡ್ಡದು, ಆದರೆ ಆ ದಿನ ಊಟ ರುಚಿಸುತ್ತಿತ್ತು. ನಾನು ನಿಲ್ಲಿಸುತ್ತಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಸಂಜೆ ಅವರ ಬೂಟಿನಿಂದ ವಾಸನೆ ಬಂತು. ಡಾಕ್ಟರು ಹೇಳಿದ್ದಕ್ಕೆ ತೆಗೆದುಕೊಟ್ಟಿದ್ದ ಮೆತ್ತನೆಯ ಬೂಟು. ಬಗ್ಗಿಸಿ ಅಲ್ಲಾಡಿಸಿದೆ. ಅದರಿಂದ ಅಡಿಕೆ ಹೋಳಿನಷ್ಟು ದೊಡ್ಡ ಒಂದು ಜಲ್ಲಿ ಚೂರು ನೆಲಕ್ಕೆ ಬಿತ್ತು. ಅವರ ಬಲಗಾಲಿನ ಪಾದದಡಿಯಲ್ಲಿ ಅಷ್ಟೇ ದೊಡ್ಡ ಗುಳಿ ಇತ್ತು, ಅದರ ಸುತ್ತ ಕಪ್ಪಾಗಿತ್ತು. ಅವರು ಎಷ್ಟು ದಿನದಿಂದ ಅದರ ಮೇಲೆ ನಡೆಯುತ್ತಿದ್ದರೋ. ಚೂರು ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ. ನಾವು ಹೋಗಿ ಬರುವ ದಾರಿಯಲ್ಲಿ ಅಂಥ ಜಲ್ಲಿ ಇರುವುದು ಒಂದೇ ಕಡೆ.

"ನೋವಾಗ್ಲಿಲ್ವಾ?" ಎಂದು ಕೇಳಿದೆ. ಕೇಳಬಾರದ ಪ್ರಶ್ನೆ. ನಾಲಿಗೆಗೆ ಅದೇ ಬಂತು.

"ಆಗಿದ್ದರೆ ಒಳ್ಳೇದಿತ್ತು," ಎಂದರು.

ಪುತ್ತೂರಿನವರು ನೋಡಿ ಮಂಗಳೂರಿಗೆ ಕಳಿಸಿದರು. ಮೊದಲು ಬೆರಳು ಎಂದರು, ಆಮೇಲೆ ಪಾದ ಎಂದರು, ಕೊನೆಗೆ ಮೊಣಕಾಲಿನ ಕೆಳಗೆ ತೆಗೆದರು. ಮಗಳು ರಜೆ ಹಾಕಿ ಜೊತೆಗಿದ್ದಳು. ನೋಡಲು ಬಂದವರು, ಜೀವ ಉಳಿಯಿತಲ್ಲ ಎಂದರು. ಹಾಗೆ ಹೇಳಿದವರೆಲ್ಲ ಎರಡು ಕಾಲಿನಲ್ಲಿ ನಡೆದು ಬಂದವರು, ಎರಡು ಕಾಲಿನಲ್ಲಿ ನಡೆದು ಹೋದರು. ನನ್ನ ಗಂಡ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು.

ಬಿಡುಗಡೆಯಾದ ದಿನ ನಾನೇ ಕಾರು ಬಿಟ್ಟೆ. ಮಗಳು ಪುತ್ತೂರಿನಲ್ಲಿ ಇಳಿದು ಬಸ್ಸಿನಲ್ಲಿ ಸುಳ್ಯಕ್ಕೆ ಹೋದಳು, ಮರುದಿನ ಅವಳಿಗೆ ಕೆಲಸವಿತ್ತು. ಕಟ್ಟು ಹಾಕಿದ ಕಾಲನ್ನು ಸೀಟಿನ ಮೇಲೆ ನೀಡಬೇಕಾಗಿದ್ದರಿಂದ ಅವರು ಹಿಂದೆ ಕೂತಿದ್ದರು, ಉಳಿದ ಕಾಲು ಕೆಳಗಿತ್ತು. ಕಡಬದಲ್ಲಿ ಎಳನೀರು ಕುಡಿಯುತ್ತೀರಾ ಎಂದು ಕೇಳಿದೆ, ಬೇಡ ಎಂದರು. ಡಿಕ್ಕಿಯ ತುಂಬ ಆಸ್ಪತ್ರೆಯ ಸಾಮಾನು ತುಂಬಿಸಿದ್ದರಿಂದ ಅಡೆಯನ್ನು ನನ್ನ ಸೀಟಿನ ಕೆಳಗೆ ತಳ್ಳಿದ್ದೆ.

ತಿರುವಿಗೆ ಬಂದೆವು. ಎದುರಿನಿಂದ ಯಾವ ಗಾಡಿಯೂ ಇರಲಿಲ್ಲ. ಆದರೂ ನನ್ನ ಕಾಲು ಬ್ರೇಕ್ ಒತ್ತಿತು, ಅಲ್ಲಿ ನಿಂತು ನಿಂತು ಅದಕ್ಕೂ ಅಭ್ಯಾಸವಾಗಿತ್ತು. ನಿಲ್ಲಿಸು ಎಂದು ಹಿಂದಿನಿಂದ ಯಾರೂ ಹೇಳಿರಲಿಲ್ಲ. ಕನ್ನಡಿಯಲ್ಲಿ ನೋಡಿದೆ. ಅವರು ಹೊರಗೆ ತೋಡಿನ ಕಡೆ ನೋಡುತ್ತಿದ್ದರು.

"ಎಂತಕ್ಕೆ ನಿಂತದ್ದು?" ಎಂದರು.

ನಾನು ಕನ್ನಡಿಯಿಂದ ಕಣ್ಣು ತೆಗೆದು ದಾರಿ ನೋಡಿದೆ.

"ಗಾಡಿಯೇ ಹಿಡೀತದಲ್ಲ. ಹೋಗು."

ಆ ಮಾತು ಹೊಸತಲ್ಲ. ನಾನೇ ಎಷ್ಟು ಸಲ ಹೇಳಿದ್ದೇನೆ. ಅವರ ಬಾಯಿಯಲ್ಲಿ, ಹಾಗೆ, ಸೋತ ದನಿಯಲ್ಲಿ ಕೇಳಿದ್ದು ಅದೇ ಮೊದಲು. ಬ್ರೇಕಿನಿಂದ ಕಾಲು ತೆಗೆದೆ. ಕಾರು ಹಿಡಿಯಿತು. ಎಕ್ಸಿಲೇಟರಿಗೆ ಕಾಲು ಇಡಲು ಆಗಲಿಲ್ಲ. ಕಾರು ಬಿಟ್ಟಿತು, ಚೂರು ಹಿಂದಕ್ಕೆ ಜಾರಿತು. ಮತ್ತೆ ಬ್ರೇಕ್ ಒತ್ತಿದೆ. ಇನ್ನೊಮ್ಮೆ ಹಾಗೆಯೇ ಆಯಿತು.

"ಎಂತ ಮಾರಾಯ್ತಿ, ಹತ್ತಿಸ್ಲಿಕ್ಕೆ ಗೊತ್ತಿಲ್ವಾ?"

"ಕೊಟ್ಟೆ ಹೇಳಿ," ಎಂದೆ. "ಕೂತಲ್ಲಿಂದಲೇ ಹೇಳಿ. ಇಲ್ಲದಿದ್ರೆ ನನಗೆ ಹತ್ತಿಸ್ಲಿಕ್ಕೆ ಆಗುದಿಲ್ಲ."

ಕೆಳಗೆ ತೋಡಿನ ಸದ್ದು ಕೇಳುತ್ತಿತ್ತು. ಆಮೇಲೆ ಹಿಂದಿನ ಸೀಟಿನಿಂದ, ಗಂಟಲಲ್ಲೇ ಸಿಕ್ಕಿಕೊಂಡ ಹಾಗೆ, "ಕೊಟ್ಟೆ" ಎಂದರು.

ಕೇಳಲಿಲ್ಲ ಎನ್ನಬೇಕೆಂದಿದ್ದೆ. ಅಂದು ನನಗೆ ಸಿಟ್ಟು ಬರಿಸಿದ ಹಾಗೆ ಇಂದು ಅವರಿಗೂ ಬರಿಸಬೇಕು, ಗುಡ್ಡಕ್ಕೆಲ್ಲ ಕೇಳುವ ಹಾಗೆ ಕೂಗಿಸಬೇಕು ಅಂದುಕೊಂಡಿದ್ದೆ. ಆದರೆ "ಹೂಂ" ಎಂದು ಕಾರು ಹತ್ತಿಸಿದೆ.

ಏರಿನಲ್ಲಿ ಸೀಟಿನ ಅಡಿಯಿಂದ ಏನೋ ಹಿಂದಕ್ಕೆ ಜಾರಿ ಧಪ್ ಎಂದು ಬಡಿದ ಸದ್ದು ಕೇಳಿತು. ಮನೆಯಂಗಳದಲ್ಲಿ ನಿಲ್ಲಿಸಿ ಹಿಂದಿನ ಬಾಗಿಲು ತೆರೆದಾಗ ನೋಡಿದೆ. ಅಡೆ ಬಂದು ಅವರ ಉಳಿದ ಕಾಲಿನ ಹಿಮ್ಮಡಿಗೆ ಒತ್ತಿ ನಿಂತಿತ್ತು. ಚರ್ಮ ಸುಲಿದಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ.